ಉಪ್ಪುಗಾಳಿಯ ಊರಿನಲ್ಲಿ ಆರ್‌ಎಕ್ಸ್ 100ಕ್ಕೆ ಕಂಪನಿಯದಲ್ಲದ ಸೈಲೆನ್ಸರ್: ಬಾಳಿಕೆ ಬರುವುದು ಯಾವುದು?

ಕೂಳೂರು ಸವಾರ

ನಮ್ಮ ಮನೆಯ 1994ರ ಯಮಹಾ ಆರ್‌ಎಕ್ಸ್ 100 ಬೈಕಿನ ಮೂಲ ಸೈಲೆನ್ಸರ್ ಈ ಮಳೆಗಾಲದಲ್ಲಿ ಕೈಕೊಟ್ಟಿದೆ. ಹಿಂಬದಿಯ ಬ್ರ್ಯಾಕೆಟ್ ಬೆಸೆದಿರುವ ಜಾಗದ ಸುತ್ತ ತುಕ್ಕು ತಿಂದು, ಹೆಬ್ಬೆರಳಿನಿಂದ ಒತ್ತಿದರೆ ತಗಡು ಒಳಕ್ಕೆ ಕುಸಿಯುತ್ತದೆ. ಅಡಿಭಾಗದ ಸಣ್ಣ ತೂತುಗಳಿಂದ ಕಪ್ಪು ಎಣ್ಣೆ ಜಿನುಗುತ್ತಿದೆ. ಈಗ ನನ್ನ ಮುಂದೆ ಮೂರು ದಾರಿಗಳಿವೆ. ಬಿಡಿಭಾಗದ ಅಂಗಡಿಗಳಲ್ಲಿ ಸಿಗುವ, ನೋಡಲು ಮೂಲದಂತೆಯೇ ಇರುವ ಕ್ರೋಮ್ ಲೇಪನದ ನಕಲು ಒಂದು. ಗ್ಯಾರೇಜಿನಲ್ಲಿ ಅಳತೆಗೆ ಸರಿಯಾಗಿ ಮಾಡಿಕೊಡುತ್ತೇವೆ ಎನ್ನುವ ಎಕ್ಸ್‌ಪಾನ್ಷನ್ ಚೇಂಬರ್ (ನಡುವೆ ಉಬ್ಬಿ ಎರಡೂ ತುದಿಗೆ ಕಿರಿದಾಗುವ ಸೈಲೆನ್ಸರ್) ಇನ್ನೊಂದು. ‘304 ಸ್ಟೇನ್‌ಲೆಸ್, ಜೀವಮಾನವಿಡೀ ತುಕ್ಕಿಲ್ಲ’ ಎಂದು ಆನ್‌ಲೈನ್‌ನಲ್ಲಿ ಮಾರುವ ಕೊಳವೆ ಮೂರನೆಯದು.

ಕೆನಡಾದಲ್ಲಿರುವ ನನ್ನ ಸಂಬಂಧಿಯೊಬ್ಬರು ಹಿಮದ ಮೇಲೆ ಓಡಿಸುವ ಸ್ನೋಮೊಬೈಲ್‌ಗೆ ಬೇರೆ ತಯಾರಕರ ಪೈಪ್ ಹಾಕಿಸಿಕೊಂಡು ಬಹಳ ಸಂತೋಷದಿಂದಿದ್ದಾರೆ. ಅದೂ ನಮ್ಮ ಬೈಕಿನದರಂತೆ ಎರಡು ಸ್ಟ್ರೋಕಿನ ಎಂಜಿನ್ ಆದ್ದರಿಂದ ನೀನೂ ಹಾಗೆಯೇ ಮಾಡು ಎಂಬುದು ಅವರ ಸಲಹೆ. ನನಗೆ ಹೆಚ್ಚಿನ ವೇಗವೂ ಬೇಡ, ಊರೆಲ್ಲ ಕೇಳುವ ಸದ್ದೂ ಬೇಡ. ಮನೆ ಮಂಗಳೂರಿನ ಪಣಂಬೂರು ಕಡಲಿಗೆ ಹತ್ತಿರವಿದೆ, ಬೈಕು ದಿನವೂ ಸ್ವಲ್ಪ ದೂರ ಓಡುತ್ತದೆ. ಹಾಕಿಸಿದ್ದು ಕೆಲವು ಮಳೆಗಾಲಗಳನ್ನಾದರೂ ತಡೆದುಕೊಳ್ಳಬೇಕು ಎಂಬುದಷ್ಟೇ ನನ್ನ ಆಸೆ. ಅನುಭವವಿರುವವರು ತಿಳಿಸಬೇಕು.

ಹಳೆ ಗ್ಯಾರೇಜು

ಹೊಸದನ್ನು ಕೊಳ್ಳುವ ಮೊದಲು ಹಳೆಯದು ಎಲ್ಲಿಂದ ಕೊಳೆಯಿತು ಎಂಬುದನ್ನು ನೋಡಬೇಕು. ನಾಲ್ಕು ಸ್ಟ್ರೋಕಿನ ಬೈಕುಗಳ ಸೈಲೆನ್ಸರ್ ಸಾಮಾನ್ಯವಾಗಿ ಒಳಗಿನಿಂದ ಹಾಳಾಗುತ್ತದೆ, ಏಕೆಂದರೆ ಪೆಟ್ರೋಲ್ ಉರಿದಾಗ ಹುಟ್ಟುವ ನೀರಿನ ಆವಿಯು ಸಣ್ಣ ಓಡಾಟದಲ್ಲಿ ಪೂರ್ತಿ ಹೊರಹೋಗದೆ ಒಳಗೇ ಹನಿಗಟ್ಟುತ್ತದೆ. ಎರಡು ಸ್ಟ್ರೋಕಿನಲ್ಲಿ ಉರಿಯದೆ ಉಳಿದ 2ಟಿ ಎಣ್ಣೆಯು (ಪೆಟ್ರೋಲಿನ ಜೊತೆ ಎಂಜಿನ್ನಿಗೆ ಹೋಗುವ ಎಣ್ಣೆ) ಒಳಗೋಡೆಯ ಮೇಲೆ ಪದರವಾಗಿ ನಿಂತು ತಗಡನ್ನು ಕಾಯುತ್ತದೆ. ಹೀಗಾಗಿ ನಿಮ್ಮ ಸೈಲೆನ್ಸರ್ ಹಾಳಾಗಿರುವುದು ಹೊರಗಿನಿಂದ, ಅದರಲ್ಲೂ ಬ್ರ್ಯಾಕೆಟ್‌ನ ಸಂದಿಯಲ್ಲಿ ಸಿಕ್ಕಿಕೊಂಡ ಕೆಸರು ಮತ್ತು ಉಪ್ಪಿನಿಂದ. ಆ ಸಂದಿ ಬಿಸಿಲಿಗೂ ಒಣಗುವುದಿಲ್ಲ, ನೀರು ಹಾಕಿ ತೊಳೆದರೂ ಶುದ್ಧವಾಗುವುದಿಲ್ಲ.

ಇದನ್ನು ಹೇಳಲು ಕಾರಣವಿದೆ. ಒಳಗಿನ ಕೋನ್‌ಗಳು (ಶಂಕುವಿನಾಕಾರದ ತಗಡಿನ ಕೊಳವೆಗಳು) ಗಟ್ಟಿಯಾಗಿದ್ದು ಹೊರಗಿನ ಕವಚ ಮಾತ್ರ ಹೋಗಿದ್ದರೆ, ಆ ಸೈಲೆನ್ಸರನ್ನು ಗುಜರಿಗೆ ಹಾಕುವುದು ನಷ್ಟದ ವ್ಯವಹಾರ. ದಯವಿಟ್ಟು ಅದನ್ನು ಇಟ್ಟುಕೊಳ್ಳಿ. ಕಾರಣವನ್ನು ಮೇಷ್ಟ್ರು ನನಗಿಂತ ಚೆನ್ನಾಗಿ ಹೇಳಬಲ್ಲರು.

ಕದ್ರಿ ಮೇಷ್ಟ್ರು

ಎರಡು ಸ್ಟ್ರೋಕಿನ ಸೈಲೆನ್ಸರ್ ಎಂದರೆ ಹೊಗೆ ಹೊರಹಾಕುವ ಕೊಳವೆ ಮಾತ್ರವಲ್ಲ, ಅದು ಎಂಜಿನ್ನಿನದೇ ಒಂದು ಭಾಗ. ಎಕ್ಸಾಸ್ಟ್ ಪೋರ್ಟ್ (ಸಿಲಿಂಡರಿನಿಂದ ಹೊಗೆ ಹೊರಹೋಗುವ ಕಿಂಡಿ) ತೆರೆದೊಡನೆ ಹೊರಡುವ ಒತ್ತಡದ ಅಲೆಯು ಅಗಲವಾಗುತ್ತ ಹೋಗುವ ಮೊದಲ ಕೋನ್‌ನಲ್ಲಿ ಸಾಗುವಾಗ ಹಿಂದೆ ಕಡಿಮೆ ಒತ್ತಡವನ್ನು ಉಂಟುಮಾಡಿ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಎಳೆದುಕೊಳ್ಳುತ್ತದೆ. ಮುಂದೆ ಕಿರಿದಾಗುವ ಎರಡನೆಯ ಕೋನ್‌ಗೆ ಬಡಿದು ಹಿಂದಿರುಗುವಾಗ, ಅಷ್ಟರೊಳಗೆ ಪೋರ್ಟಿನಿಂದ ಹೊರಗೆ ಜಾರಿದ್ದ ಹೊಸ ಪೆಟ್ರೋಲ್ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಪೂರ್ವ ಜರ್ಮನಿಯ ಎಂಜಡ್ ಕಂಪನಿಯಲ್ಲಿದ್ದ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್ 1950ರ ದಶಕದಲ್ಲಿ ಇದನ್ನು ರೇಸ್ ಬೈಕುಗಳಲ್ಲಿ ಪಳಗಿಸಿದರು. ಅವರ ಸವಾರ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ದೇಶ ಬಿಟ್ಟು ಜಪಾನಿನ ಸುಜುಕಿಯನ್ನು ಸೇರಿದರು, 1962ರಲ್ಲಿ ಸುಜುಕಿಗೆ 50 ಸಿಸಿ ವರ್ಗದ ವಿಶ್ವ ಪ್ರಶಸ್ತಿ ಗೆದ್ದುಕೊಟ್ಟರು. ಆ ವಿದ್ಯೆ ಜಪಾನಿಗೆ ತಲುಪಿದ ಬಗೆ ಅದು.

ಅಲೆ ಹಿಂದಿರುಗುವ ಹೊತ್ತು ತಪ್ಪಿದರೆ ಎಲ್ಲವೂ ವ್ಯರ್ಥ. ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 500 ಮೀಟರ್ ಎಂದೂ, ಪೋರ್ಟ್ ತೆರೆದಿರುವ ಅವಧಿ ಎಂಜಿನ್ನಿನ ಒಂದು ಸುತ್ತಿನ 360 ಡಿಗ್ರಿಯಲ್ಲಿ 170 ಡಿಗ್ರಿ ಎಂದೂ ಇಟ್ಟುಕೊಂಡು ಲೆಕ್ಕ ಹಾಕಿದರೆ, ನಿಮಿಷಕ್ಕೆ 7500 ಸುತ್ತಿನಲ್ಲಿ ಶಕ್ತಿ ಸಿಗಬೇಕಾದ ಎಂಜಿನ್ನಿಗೆ ಪೋರ್ಟಿನಿಂದ ಕೊನೆಯ ಕೋನ್‌ವರೆಗೆ ಸುಮಾರು 94 ಸೆಂಟಿಮೀಟರ್ ಉದ್ದ ಬೇಕಾಗುತ್ತದೆ. ಅದೇ 9000 ಸುತ್ತಿಗೆ ಸುಮಾರು 79 ಸೆಂಟಿಮೀಟರ್ ಸಾಕು. ಆರ್‌ಎಕ್ಸ್ 100ರ 98 ಸಿಸಿ ಎಂಜಿನ್ ತನ್ನ 11 ಅಶ್ವಶಕ್ತಿಯನ್ನು ಕೊಡುವುದು 7500 ಸುತ್ತಿನಲ್ಲಿ. ಉದ್ದವನ್ನು ಒಂದು ಗೇಣು ಕಡಿಮೆ ಮಾಡಿದ ‘ರೇಸಿಂಗ್’ ಕೊಳವೆಯನ್ನು ಅದಕ್ಕೆ ಜೋಡಿಸಿದರೆ ಪಂಪ್‌ವೆಲ್ ವೃತ್ತದಲ್ಲಿ ಎರಡನೇ ಗೇರಿನಲ್ಲಿ ಎಳೆಯಬೇಕಾದ ಬೈಕು ಅಲ್ಲಿ ಏದುಸಿರು ಬಿಟ್ಟು, ನಿಮಗೆ ಎಂದೂ ಬೇಕಾಗದ ವೇಗದಲ್ಲಿ ಮಾತ್ರ ಚುರುಕಾಗುತ್ತದೆ.

ಕೊನೆಯಲ್ಲಿರುವ ಸಣ್ಣ ಕೊಳವೆಯ ಬಗೆಗೂ ಒಂದು ಮಾತು. ಅದರ ಒಳವ್ಯಾಸವು ಎಂಜಿನ್ ಕಡೆಯ ಕೊಳವೆಯ ವ್ಯಾಸದ ಶೇಕಡಾ 60ರ ಆಸುಪಾಸಿನಲ್ಲಿರುವುದು ವಾಡಿಕೆ. ಅದು ಕಿರಿದಾದರೆ ಬಿಸಿ ಹೊರಹೋಗದೆ ಪಿಸ್ಟನ್ ಹಿಡಿದುಕೊಳ್ಳುವ ಅಪಾಯವಿದೆ, ಅಗಲವಾದರೆ ಸದ್ದು ಹೆಚ್ಚಿ ಶಕ್ತಿ ಇಳಿಯುತ್ತದೆ. ಹೆಚ್ಚಿನ ಅಂಗಡಿಗಳಲ್ಲಿ ಈ ಅಳತೆಯನ್ನು ಕೇಳಿದರೆ ಉತ್ತರ ಸಿಗುವುದಿಲ್ಲ. ಉತ್ತರ ಸಿಗದ ಕಡೆ ಕೊಳ್ಳದಿರುವುದೇ ಕ್ಷೇಮ.

ಹಿಮದೂರಿನ ಉಡುಪಿಯವ

ಸ್ನೋಮೊಬೈಲ್ ವಿಚಾರ ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ಕೆಲಸದ ನಿಮಿತ್ತ ಕೆನಡಾದಲ್ಲಿ ನೆಲೆಸಿದ್ದು, ಚಳಿಗಾಲದಲ್ಲಿ 600 ಸಿಸಿಯ ಎರಡು ಸ್ಟ್ರೋಕಿನ ಸ್ನೋಮೊಬೈಲ್ ಓಡಿಸುತ್ತೇನೆ. ನಿಮ್ಮ ಸಂಬಂಧಿಯ ಸಂತೋಷ ನಿಜವೇ ಇರಬಹುದು, ಆದರೆ ಅದು ನಿಮ್ಮ ಬೈಕಿಗೆ ಹೊಂದುವುದಿಲ್ಲ.

ಸ್ನೋಮೊಬೈಲಿಗೆ ಗೇರುಗಳಿಲ್ಲ, ಬೆಲ್ಟ್ ಮತ್ತು ಎರಡು ಕ್ಲಚ್‌ಗಳ ಸಿವಿಟಿ (ಗೇರಿನ ಅನುಪಾತ ತಾನಾಗಿಯೇ ಬದಲಾಗುವ ವ್ಯವಸ್ಥೆ) ಇದೆ. ಥ್ರಾಟಲ್ (ಆಕ್ಸಿಲರೇಟರ್) ಪೂರ್ತಿ ಒತ್ತಿದಾಗ ಆ ಕ್ಲಚ್ ಎಂಜಿನ್ನನ್ನು ಹೆಚ್ಚು ಶಕ್ತಿ ಸಿಗುವ ಸುತ್ತಿನಲ್ಲಿಯೇ ಹಿಡಿದಿಡುತ್ತದೆ, ವಾಹನದ ವೇಗ ಏರಿದರೂ ಸುತ್ತು ಬದಲಾಗುವುದಿಲ್ಲ. ಹೀಗಾಗಿ ಬಹಳ ಕಿರಿದಾದ ಸುತ್ತಿನ ವ್ಯಾಪ್ತಿಯಲ್ಲಿ ಮಾತ್ರ ಕೆಲಸ ಮಾಡುವ ಪೈಪ್ ಕೂಡ ಇಲ್ಲಿ ನಡೆಯುತ್ತದೆ. ಪೈಪ್ ಬದಲಿಸಿ ಶಕ್ತಿಯ ಸುತ್ತು ಮೇಲೆ ಹೋದರೆ ಕ್ಲಚ್‌ನ ತೂಕದ ತುಂಡುಗಳನ್ನೂ ಸ್ಪ್ರಿಂಗನ್ನೂ ಬದಲಿಸಿ ಹೊಂದಿಸುತ್ತಾರೆ. ನಾಲ್ಕು ಗೇರಿನ ಬೈಕಿನಲ್ಲಿ ಪ್ರತಿ ಗೇರಿಗೂ ಸುತ್ತು ಕೆಳಗಿಳಿದು ಮತ್ತೆ ಏರಬೇಕು; ಅಲ್ಲಿ ಕಿರಿದಾದ ವ್ಯಾಪ್ತಿಯ ಪೈಪ್ ಎಂದರೆ ದಿನನಿತ್ಯದ ಕಿರಿಕಿರಿ.

ಇಲ್ಲಿಯ ಹೊಸ ಯಂತ್ರಗಳಲ್ಲಿ ಇನ್ನೊಂದು ತೊಡಕಿದೆ. ಪೈಪಿನ ಮೇಲೆ ಬಿಸಿ ಅಳೆಯುವ ಸೆನ್ಸರ್ ಇದ್ದು, ಅದರ ಲೆಕ್ಕದಂತೆ ಇಗ್ನಿಷನ್ (ಕಿಡಿ ಹಾರುವ ಹೊತ್ತು) ಹೊಂದಾಣಿಕೆಯಾಗುತ್ತದೆ. ಆ ಸೆನ್ಸರಿಗೆ ಸರಿಯಾದ ಜಾಗವಿಲ್ಲದ ಪೈಪ್ ಎಷ್ಟೇ ಹೊಳೆದರೂ ಪ್ರಯೋಜನವಿಲ್ಲ. ಸದ್ದಿನ ವಿಚಾರದಲ್ಲಂತೂ ಬಿಗಿಯೇ: ಪ್ರಮಾಣೀಕೃತ ಯಂತ್ರಗಳು ಪೂರ್ತಿ ಥ್ರಾಟಲ್‌ನಲ್ಲಿ 50 ಅಡಿ ದೂರಕ್ಕೆ 78 ಡೆಸಿಬೆಲ್ ಮೀರಬಾರದು ಎಂಬ ಮಿತಿ 1970ರ ದಶಕದಿಂದಲೂ ಇದೆ. ಹಿಮದ ದಾರಿಗಳು ಅನೇಕ ಕಡೆ ರೈತರ ಖಾಸಗಿ ಜಮೀನಿನ ಮೇಲೆ ಹಾದುಹೋಗುತ್ತವೆ. ಸದ್ದು ತಾಳಲಾರದೆ ಜಮೀನಿನವರು ಗೇಟು ಹಾಕಿದರೆ ಎಲ್ಲರ ದಾರಿಯೂ ಮುಚ್ಚಿತು.

ಆದರೂ ಇಲ್ಲಿಂದ ನೀವು ಎರವಲು ಪಡೆಯಬಹುದಾದ ಸಂಗತಿಗಳಿವೆ. ಪೈಪನ್ನು ಇಲ್ಲಿ ಬಿಗಿಯಾದ ಬೋಲ್ಟ್‌ಗಳಿಂದಲ್ಲ, ಸ್ಪ್ರಿಂಗ್‌ಗಳಿಂದ ಹಿಡಿದಿಡುತ್ತಾರೆ. ಎಂಜಿನ್ ರಬ್ಬರ್ ಮೌಂಟ್‌ಗಳ ಮೇಲೆ ಅಲುಗಾಡುವಾಗ ಪೈಪ್ ಬಿರುಕು ಬಿಡದಿರಲಿ ಎಂದು. ಸ್ಪ್ರಿಂಗ್ ಅದುರಿ ತುಂಡಾಗದಂತೆ ಅದರೊಳಗೆ ಶಾಖ ತಡೆಯುವ ಸಿಲಿಕೋನ್ ತುಂಬುವವರೂ ಇದ್ದಾರೆ. ಬೇಸಗೆಯಲ್ಲಿ ಯಂತ್ರ ನಿಲ್ಲಿಸುವ ಮೊದಲು ಎಂಜಿನ್ನಿಗೆ ತೆಳ್ಳನೆಯ ಎಣ್ಣೆ ಸಿಂಪಡಿಸಿ ಪೈಪಿನ ಬಾಯಿಗೆ ಬಟ್ಟೆ ತುರುಕುತ್ತಾರೆ. ನೀವು ಮಳೆಗಾಲದಲ್ಲಿ ವಾರಗಟ್ಟಲೆ ಬೈಕು ನಿಲ್ಲಿಸುವುದಾದರೆ ಅದನ್ನೇ ಮಾಡಿ. ಬಟ್ಟೆ ತೆಗೆಯದೆ ಕಿಕ್ ಹೊಡೆಯಬಾರದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲವಷ್ಟೆ.

ಕಾಪು ದೀಪಸ್ತಂಭ

ಇಷ್ಟೆಲ್ಲ ಲೆಕ್ಕಾಚಾರದ ನಡುವೆ ಯಾರೂ ಸದ್ದಿನ ಸೊಗಸಿನ ಬಗ್ಗೆ ಮಾತಾಡಲಿಲ್ಲ. ಆರ್‌ಎಕ್ಸ್ ಇಟ್ಟುಕೊಳ್ಳುವುದೇ ಆ ಸದ್ದಿಗಾಗಿ. ಮೂಲ ಸೈಲೆನ್ಸರಿನ ಬಾಲದಲ್ಲಿರುವ ಸದ್ದು ತಗ್ಗಿಸುವ ಬ್ಯಾಫಲ್ ಕೊಳವೆಯನ್ನು ಕಳಚಿಬಿಟ್ಟರೆ ಹೊಸ ಪೈಪಿನ ಖರ್ಚೇ ಇಲ್ಲ.

ಹಳೆ ಗ್ಯಾರೇಜು

ಬ್ಯಾಫಲ್ ಕಳಚಿದ ಆರ್‌ಎಕ್ಸ್ ನನ್ನ ಗ್ಯಾರೇಜಿಗೆ ಬಂದಾಗ ಮೊದಲು ನಾನು ನೋಡುವುದು ಸ್ಪಾರ್ಕ್ ಪ್ಲಗ್ಗಿನ ಬಣ್ಣವನ್ನು. ತಡೆ ಕಡಿಮೆಯಾದಾಗ ಮಿಶ್ರಣದಲ್ಲಿ ಗಾಳಿಯ ಪಾಲು ಹೆಚ್ಚಿ, ಪ್ಲಗ್ ಬಿಳಿಚಿಕೊಂಡಿರುತ್ತದೆ. ಮೇನ್ ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲಿನ ಅಳತೆ ನಿಶ್ಚಯಿಸುವ ತೂತಿನ ತುಣುಕು) ಬದಲಿಸದೆ ಹಾಗೆಯೇ ಓಡಿಸಿದರೆ ಪಿಸ್ಟನ್ ಮತ್ತು ಬೋರ್ ಕೆಲಸಕ್ಕೆ ಆಗುವ ಖರ್ಚಿನ ಮುಂದೆ ಸೈಲೆನ್ಸರ್ ಬೆಲೆ ಏನೂ ಅಲ್ಲ. ಮೂಗಿಗಿಂತ ಮೂಗುತಿ ಭಾರವಾಗುವುದು ಬೇಡ.

ಕಾನೂನನ್ನೂ ಹೇಳಿಬಿಡುತ್ತೇನೆ. ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮವು ಪ್ರತಿ ವಾಹನಕ್ಕೂ ಸದ್ದು ತಗ್ಗಿಸುವ ಸೈಲೆನ್ಸರ್ ಇರಲೇಬೇಕು ಎನ್ನುತ್ತದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ ಸದ್ದು ಮತ್ತು ಹೊಗೆಯ ಮಿತಿ ಮೀರಿದ ಮೊದಲ ತಪ್ಪಿಗೆ ಮೂರು ತಿಂಗಳವರೆಗಿನ ಸೆರೆವಾಸ ಅಥವಾ 10,000 ರೂಪಾಯಿವರೆಗಿನ ದಂಡ ಅಥವಾ ಎರಡೂ ಆಗಬಹುದು; ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹವಾಗುತ್ತದೆ. ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನ ಮೇಲೆ 182ಎ(4)ನೇ ಕಲಮು ಬೇರೆ ಇದೆ. ಹದಿನೈದು ವರ್ಷ ದಾಟಿದ ಬೈಕು ಐದು ವರ್ಷಕ್ಕೊಮ್ಮೆ ಆರ್‌ಟಿಒ ಕಚೇರಿಗೆ ಹೋಗಿ ನೋಂದಣಿ ನವೀಕರಿಸಿಕೊಳ್ಳಬೇಕು. ಅಲ್ಲಿ ಇನ್‌ಸ್ಪೆಕ್ಟರ್ ಕಣ್ಣಿಗೆ ಮೊದಲು ಬೀಳುವುದೂ ಸೈಲೆನ್ಸರೇ.

ಮಲ್ಪೆ ಬಂದರು

ನಾನು ಬೈಕ್ ಮೆಕ್ಯಾನಿಕ್ ಅಲ್ಲ, ಸ್ಟೇನ್‌ಲೆಸ್ ಕೆಲಸ ಮಾಡುವವನು. ದೋಣಿಗಳಿಗೂ ಮೀನು ಸಂಸ್ಕರಣಾ ಘಟಕಗಳಿಗೂ ಕೆಲಸ ಮಾಡುತ್ತೇನೆ. ‘304 ಆದ್ದರಿಂದ ತುಕ್ಕಿಲ್ಲ’ ಎಂಬ ಜಾಹೀರಾತಿನ ಮಾತನ್ನು ಕರಾವಳಿಯಲ್ಲಿ ಅರ್ಧ ಮಾತ್ರ ನಂಬಬೇಕು. 304ರಲ್ಲಿ ಸುಮಾರು ಶೇಕಡಾ 18 ಕ್ರೋಮಿಯಂ, 8 ನಿಕ್ಕಲ್ ಇರುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಅದರ ರಕ್ಷಣಾ ಪದರವನ್ನು ಅಲ್ಲಲ್ಲಿ ಒಡೆದು ಚಹಾ ಬಣ್ಣದ ಕಲೆಗಳನ್ನೂ ಸೂಜಿಮೊನೆಯಂಥ ಗುಳಿಗಳನ್ನೂ ಮಾಡುತ್ತದೆ. ಇದನ್ನು ತಡೆಯಲು ಶೇಕಡಾ 2ರಿಂದ 3 ಮಾಲಿಬ್ಡಿನಂ ಸೇರಿಸಿದ 316 ಬೇಕು, ಆದರೆ ಬೈಕಿನ ಪೈಪಿಗೆ ಅದನ್ನು ಬಳಸುವವರು ಅಪರೂಪ.

ಅದಕ್ಕಿಂತ ದೊಡ್ಡ ಸಮಸ್ಯೆ ಎಂದರೆ 304 ಎಂದು ಮಾರುವುದರಲ್ಲಿ ಎಷ್ಟೋ 202 ಆಗಿರುವುದು. ಅದರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹೆಚ್ಚು ಹಾಕಿರುತ್ತಾರೆ, ಹೊಳಪು ಒಂದೇ ತರಹ ಇರುತ್ತದೆ, ಕಡಲ ಗಾಳಿಯಲ್ಲಿ ಬಣ್ಣ ಬೇಗ ಬಯಲಾಗುತ್ತದೆ. ಅಂಗಡಿಯವರು ಅಯಸ್ಕಾಂತ ಇಟ್ಟು ‘ನೋಡಿ, ಅಂಟುವುದಿಲ್ಲ’ ಎಂದು ತೋರಿಸುತ್ತಾರೆ. 202 ಕೂಡ ಅಂಟುವುದಿಲ್ಲ ಮಾರಾಯ್ರೆ! ಇನ್ನು ಕಂಪನಿಗಳು ಎಕ್ಸಾಸ್ಟ್‌ಗೆಂದೇ ಬಳಸುವ 409 ಸ್ಟೇನ್‌ಲೆಸ್ ಚೆನ್ನಾಗಿಯೇ ಅಂಟುತ್ತದೆ. ಅದರಲ್ಲಿ ಕ್ರೋಮಿಯಂ ಸುಮಾರು ಶೇಕಡಾ 11 ಮಾತ್ರ. ಮೇಲೆ ಕಂದು ಬಣ್ಣ ಬಂದರೂ ತೂತು ಬೀಳಲು ಬಹಳ ಕಾಲ ಹಿಡಿಯುತ್ತದೆ. ಅಯಸ್ಕಾಂತದ ಪರೀಕ್ಷೆ ನೆಚ್ಚಿಕೊಂಡವರು ಒಳ್ಳೆಯದನ್ನು ಬಿಟ್ಟು ಕಳಪೆಯನ್ನು ಮನೆಗೆ ತರುವುದು ಹೀಗೆ.

ಕ್ರೋಮ್ ಲೇಪನದ ನಕಲಿನ ವಿಚಾರಕ್ಕೆ ಬಂದರೆ, ಕ್ರೋಮ್ ಪದರದಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಸಹಜವಾಗಿಯೇ ಇರುತ್ತವೆ. ಅದರಡಿಯ ನಿಕ್ಕಲ್ ಪದರ ದಪ್ಪವಿದ್ದರೆ ಮಾತ್ರ ಕಬ್ಬಿಣಕ್ಕೆ ರಕ್ಷಣೆ. ಅಗ್ಗದ ಲೇಪನದಲ್ಲಿ ಉಳಿತಾಯ ಮಾಡುವುದೇ ಆ ನಿಕ್ಕಲ್‌ನಲ್ಲಿ.

ಜೋಡಣೆಯ ಬಗ್ಗೆ ಹಿಮದೂರಿನವರು ಹೇಳಿದ್ದು ಸ್ಟೇನ್‌ಲೆಸ್‌ಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಒಂದು ಮೀಟರ್ ಉದ್ದದ ಕೊಳವೆ ಸರಾಸರಿ 250 ಡಿಗ್ರಿ ಬಿಸಿಯೇರಿದರೆ ಸಾಧಾರಣ ಉಕ್ಕು ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ, 304 ಸುಮಾರು 4 ಮಿಲಿಮೀಟರ್‌ಗಿಂತ ತುಸು ಹೆಚ್ಚು. ಹಿಂಬದಿಯ ಬ್ರ್ಯಾಕೆಟ್ಟಿಗೆ ದುಂಡು ತೂತು ಕೊರೆದು ಬಿಗಿಯಾಗಿ ಬೋಲ್ಟ್ ಹಾಕಿದರೆ ಆ ಹಿಗ್ಗುವಿಕೆಗೆ ಜಾಗವಿರುವುದಿಲ್ಲ, ಬೆಸುಗೆಯ ಅಂಚು ಬಿರಿಯುತ್ತದೆ. ತೂತು ಉದ್ದುದ್ದವಾಗಿರಬೇಕು, ನಡುವೆ ರಬ್ಬರ್ ಬುಷ್ ಇರಬೇಕು. ಬೆಸುಗೆ ಟಿಗ್‌ನಲ್ಲಿ (ಆರ್ಗಾನ್ ಅನಿಲದ ಕಾವಲಿನಲ್ಲಿ ಮಾಡುವ ವಿದ್ಯುತ್ ಬೆಸುಗೆ) ಆಗಿದ್ದು, ಬೆಸೆಯುವಾಗ ಒಳಗೂ ಆರ್ಗಾನ್ ಹಾಯಿಸಿರಬೇಕು; ಇಲ್ಲದಿದ್ದರೆ ಒಳಬದಿ ಕರಿದು ಹರಳುಗಟ್ಟುತ್ತದೆ. ಬಾಯಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಮೊದಲ ಬೆಸುಗೆಯಾದರೂ ಕಾಣುತ್ತದೆ.

ಕೂಳೂರು ಸವಾರ

ಎಲ್ಲರ ಮಾತು ಓದಿದ ನಂತರ ಅಂಗಡಿಯೊಂದಕ್ಕೆ ಹಳೆಯ ಸೈಲೆನ್ಸರನ್ನೇ ಹೊತ್ತುಕೊಂಡು ಹೋಗಿ ಕ್ರೋಮ್ ನಕಲಿನ ಪಕ್ಕದಲ್ಲಿಟ್ಟು ನೋಡಿದೆ. ಹೊರಗಿನ ಆಕಾರದಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಗಟ್ಟಿ ತಂತಿಯೊಂದನ್ನು ಬಾಯಿಯಿಂದ ಒಳಗೆ ಬಿಟ್ಟಾಗ ಹಳೆಯದರಲ್ಲಿ ಅದು ಕೋನ್‌ನ ಇಳಿಜಾರಿಗೆ ತಾಗಿ ಮೆಲ್ಲನೆ ನಿಂತಿತು. ನಕಲಿನಲ್ಲಿ ಅದು ಒಂದು ಗೇಣು ಮೊದಲೇ ಚಪ್ಪಟೆಯಾದ ತಗಡಿಗೆ ಬಡಿದು ಟಣ್ ಎಂದಿತು. ಒಳಗಿರುವುದು ಕೋನ್ ಅಲ್ಲ, ತೂತು ಕೊರೆದ ಅಡ್ಡಗೋಡೆ ಎಂದು ಅನುಮಾನ. ಅಲುಗಾಡಿಸಿದರೆ ಒಳಗೆ ಏನೋ ಸಡಿಲವಾಗಿ ಕುಣಿಯುತ್ತದೆ. ಎಂಜಿನ್ನಿಗೆ ಬೋಲ್ಟ್ ಮಾಡುವ ಮುಂದಿನ ಚಪ್ಪಟೆ ಅಂಚನ್ನು, ಅಂದರೆ ಫ್ಲಾಂಜನ್ನು, ಅಂಗಡಿಯ ಗಾಜಿನ ಮೇಜಿನ ಮೇಲೆ ಮಗುಚಿಟ್ಟು ಸುತ್ತ ಕಾಗದದ ಚೂರನ್ನು ತೂರಿಸಿ ನೋಡಿದಾಗ ಒಂದು ಬದಿಯಲ್ಲಿ ಅದು ಸಲೀಸಾಗಿ ಒಳಹೋಯಿತು. ಅಂಗಡಿಯವರು ‘ಬೋಲ್ಟ್ ಬಿಗಿದರೆ ಕೂತುಕೊಳ್ಳುತ್ತದೆ’ ಎಂದರು. ಅದನ್ನು ಬಿಟ್ಟು ಬಂದೆ.

ಹಾಗಾದರೆ ಹಳೆಯದಕ್ಕೇ ಹೊಸ ಕವಚ ಹೊದಿಸುವುದು ಸಾಧ್ಯವೇ?

ಹಳೆ ಗ್ಯಾರೇಜು

ಗಾಜಿನ ಮೇಲಿನ ಆ ಪರೀಕ್ಷೆ ಬಹಳ ಸರಿಯಾದದ್ದು. ಪೋರ್ಟಿನ ಬಳಿ ಸೋರಿಕೆಯಾದರೆ ಅಲೆಯ ಲೆಕ್ಕವೂ ಹೋಯಿತು, ಸಿಲಿಂಡರಿನ ರೆಕ್ಕೆಗಳ ಮೇಲೆ ಕಪ್ಪು ಎಣ್ಣೆಯ ರಾಡಿಯೂ ಆಯಿತು. ಬೋಲ್ಟ್ ಬಿಗಿದು ಬಲವಂತವಾಗಿ ಕೂರಿಸಿದ ಫ್ಲಾಂಜ್ ಅಲ್ಯುಮಿನಿಯಂನ ಥ್ರೆಡ್ಡನ್ನೇ ಕಿತ್ತುಕೊಂಡು ಬರಬಹುದು.

ಕವಚ ಹೊದಿಸುವುದು ಸಾಧ್ಯ, ಆದರೆ ಮೊದಲು ಒಳಗಿನ ಕಾರ್ಬನ್ ತೆಗೆಯಬೇಕು. ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸಿಡುವ ಪದ್ಧತಿ ಉಕ್ಕಿಗೆ ಸರಿ. ಕೈಗವಸು ಮತ್ತು ಕನ್ನಡಕ ಕಡ್ಡಾಯ, ಅಲ್ಯುಮಿನಿಯಂ ಭಾಗಗಳಿಗೆ ಆ ನೀರು ತಾಗಬಾರದು. ಶುದ್ಧವಾದ ನಂತರ ಕೊಳೆತ ಹೊರತಗಡನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಒಳಗಿನ ಕೋನ್‌ಗಳನ್ನು ಮುಟ್ಟದೆ, 1.2 ಮಿಲಿಮೀಟರ್ ದಪ್ಪದ ತಗಡನ್ನು ಸುರುಳಿ ಮಾಡಿ ಬೆಸೆಯಬೇಕು. ಒಳಗಿನ ಅಳತೆ ಬದಲಾಗದ ಕಾರಣ ಜೆಟ್ ಬದಲಿಸುವ ಪ್ರಮೇಯ ಬರುವುದಿಲ್ಲ. ಬ್ಯಾಫಲ್ ತನ್ನ ಜಾಗದಲ್ಲೇ ಇರುವುದರಿಂದ ಸದ್ದೂ ಮೊದಲಿನದೇ.

ಮಲ್ಪೆ ಬಂದರು

409ರ ತಗಡು ಸಿಕ್ಕಿದರೆ ಅದನ್ನೇ ಹಾಕಿಸಿ, ಸಿಗದಿದ್ದರೆ ಸಾಧಾರಣ ತಗಡಿಗೆ ಶಾಖ ತಡೆಯುವ ಬಣ್ಣ ಸಾಕು. ಬ್ರ್ಯಾಕೆಟ್ಟನ್ನು ನೇರವಾಗಿ ಕವಚಕ್ಕೆ ಬೆಸೆಯಬೇಡಿ. ನಡುವೆ ಅಂಗೈ ಅಗಲದ ಇನ್ನೊಂದು ತಗಡಿನ ಪಟ್ಟಿ ಇಟ್ಟು, ಅದರ ಸುತ್ತಲೂ ಬಿಡುವಿಲ್ಲದಂತೆ ಬೆಸುಗೆ ಹಾಕಿಸಿ, ಅದರ ಮೇಲೆ ಬ್ರ್ಯಾಕೆಟ್ ಕೂರಿಸಿ. ಹಿಂದಿನದು ಕೊಳೆತದ್ದು ಅಲ್ಲಲ್ಲಿ ಚುಕ್ಕಿ ಬೆಸುಗೆ ಹಾಕಿ ಬಿಟ್ಟ ಸಂದಿಯಲ್ಲಿ. ಸಂದಿಯೇ ಇಲ್ಲದಿದ್ದರೆ ಉಪ್ಪು ನೀರು ನಿಲ್ಲಲು ಜಾಗವಿಲ್ಲ.

ಘಾಟಿ ಮೇಲಿನವ

ತಡವಾಗಿ ಸೇರಿಕೊಳ್ಳುತ್ತಿದ್ದೇನೆ, ಜೆಟ್ ಬಗ್ಗೆ ಒಂದೇ ಮಾತು. ಸೆಕೆಂಡ್ ಹ್ಯಾಂಡ್ ಪೈಪನ್ನು ಕಾರ್ಬ್ಯುರೇಟರ್ ಸಮೇತ ಮಡಿಕೇರಿಯಿಂದಲೋ ಚಿಕ್ಕಮಗಳೂರಿನಿಂದಲೋ ಕೊಂಡುತರುವವರು ಎಚ್ಚರದಿಂದಿರಬೇಕು. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ; ಅಲ್ಲಿಯ ತೆಳು ಗಾಳಿಗೆ ಹೊಂದಿಸಿದ ಸಣ್ಣ ಜೆಟ್ ಮಂಗಳೂರಿನ ದಟ್ಟ ಗಾಳಿಯಲ್ಲಿ ಪೆಟ್ರೋಲ್ ಸಾಲದೆ ಎಂಜಿನ್ನನ್ನು ಬಿಸಿಯೇರಿಸುತ್ತದೆ.

ಹಿಮದೂರಿನ ಉಡುಪಿಯವ

ಇಲ್ಲಿಯೂ ಅದೇ ಪಾಠ. ಬೆಟ್ಟದ ಮೇಲೆ ಹೊಂದಿಸಿದ ಕಾರ್ಬ್ಯುರೇಟರಿನ ಹಳೆಯ ಸ್ನೋಮೊಬೈಲನ್ನು ಬಯಲಿಗೆ ತಂದು, ಅದೂ ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಯಲ್ಲಿ ಓಡಿಸಿ, ಪಿಸ್ಟನ್ ಸುಟ್ಟುಕೊಂಡವರಿದ್ದಾರೆ. ಚಳಿ ಹೆಚ್ಚಿದಷ್ಟೂ ಗಾಳಿ ದಟ್ಟ, ಜೆಟ್ ಅಷ್ಟು ದೊಡ್ಡದಿರಬೇಕು.

ಕೂಳೂರು ಸವಾರ

ಬೈಕಂಪಾಡಿಯ ವೆಲ್ಡಿಂಗ್ ಶೆಡ್ ಒಂದರಲ್ಲಿ ಕೆಲಸ ಮುಗಿಯಿತು. ಕವಚ ಬಿಚ್ಚಿದಾಗ ಒಳಗಿನ ಎರಡೂ ಕೋನ್‌ಗಳು ಎಣ್ಣೆಗಪ್ಪಾಗಿದ್ದರೂ ಎಲ್ಲಿಯೂ ತೂತಿರಲಿಲ್ಲ. 409 ಸಿಗಲಿಲ್ಲ, 1.2 ಮಿಲಿಮೀಟರ್ ಸಾಧಾರಣ ತಗಡನ್ನೇ ಹಾಕಿಸಿದೆ. ಬ್ರ್ಯಾಕೆಟ್ಟಿನಡಿ ಪಟ್ಟಿ, ಉದ್ದ ತೂತು, ರಬ್ಬರ್ ಬುಷ್ ಎಲ್ಲವೂ ಹೇಳಿದಂತೆಯೇ ಆಗಿದೆ. ಹೆಬ್ರಿ ದಾಟಿ ಸೋಮೇಶ್ವರದಿಂದ ಆಗುಂಬೆ ಘಾಟಿಯ 14 ತಿರುವು ಹತ್ತಿಸಿ, ಮೇಲೆ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿದೆ. ಬಣ್ಣ ಕಾಫಿ ಕಂದು. ಎರಡನೇ ಗೇರಿನ ಎಳೆತ ಮೊದಲಿನಂತೆಯೇ ಇದೆ. ಶಾಖ ತಡೆಯುವ ಕಪ್ಪು ಬಣ್ಣವನ್ನು ಇನ್ನೂ ಹೊಡೆದಿಲ್ಲ. ಅದನ್ನು ಹೊಡೆದ ಕೂಡಲೇ ಓಡಿಸಬಹುದೇ?

ಹಳೆ ಗ್ಯಾರೇಜು

ಕೂಡದು. ಮೊದಲು ತಗಡನ್ನು ತಿನ್ನರ್‌ನಲ್ಲಿ ಒರೆಸಿ ಬೆರಳಿನ ಜಿಡ್ಡು ತೆಗೆಯಿರಿ, ತೆಳ್ಳಗೆ ಎರಡು ಕೋಟ್ ಹೊಡೆದು ನೆರಳಿನಲ್ಲಿ ಒಂದು ದಿನ ಒಣಗಲು ಬಿಡಿ. ಆಮೇಲೆ ಎಂಜಿನ್ನನ್ನು ನಿಂತಲ್ಲೇ ಕೆಲವು ನಿಮಿಷ ಓಡಿಸಿ ಪೂರ್ತಿ ಆರಲು ಬಿಡಿ. ಪ್ರತಿ ಸಲ ಅವಧಿಯನ್ನು ತುಸು ಹೆಚ್ಚಿಸುತ್ತ ಮೂರು ನಾಲ್ಕು ಬಾರಿ ಹಾಗೆ ಮಾಡಿ. ಆ ಬಣ್ಣ ಗಟ್ಟಿಯಾಗುವುದು ಶಾಖದಿಂದಲೇ. ಹೊಗೆಯ ಜೊತೆ ಬಣ್ಣದ ವಾಸನೆಯೂ ಬರುವುದರಿಂದ ಅಂಗಳದಲ್ಲೇ ಮಾಡಿ, ಮಳೆ ಇಲ್ಲದ ದಿನ ನೋಡಿಕೊಂಡು.